ಬೇರೆ ಲೋಕದವರಿಗೂ ಒಂದು ತಾಟು



ಜಪಾನಿನ ಕಾರ್ಟೂನ್ ಸರಣಿಯೊಂದರ ಬಗ್ಗೆ ಚರ್ಚಿನ ಯುವಜನರು ಬರೆಯುವುದೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಅದರಲ್ಲೂ ತಲೆಯ ಮೇಲೆ ಕೊಂಬಿರುವ ಹುಡುಗಿ, ಬೆಂಕಿಯುಗುಳುವ ಡ್ರ್ಯಾಗನ್, ಮಂತ್ರವಾದಿ ಮುದುಕ, ಹಲ್ಲಿಮುಖದ ಯೋಧ ಎಲ್ಲರೂ ಇರುವ ಕಥೆ ಅದು. ಸ್ವಲ್ಪ ತಾಳ್ಮೆಯಿಂದ ಕೊನೆಯವರೆಗೂ ಓದಿ. ನಾವು ಬರೆಯುತ್ತಿರುವುದು ಊಟದ ಬಗ್ಗೆ. ನಮ್ಮ ಹಬ್ಬದ ಊಟದಲ್ಲಿ ಯಾರು ಕೂರುತ್ತಾರೆ, ಯಾರು ಗೇಟಿನ ಹೊರಗೆ ನಿಂತು ಪೊಟ್ಟಣ ಹಿಡಿದುಕೊಂಡು ಹೋಗುತ್ತಾರೆ ಎಂಬುದರ ಬಗ್ಗೆ.

ಶನಿವಾರದ ಹೋಟೆಲ್

ಸರಣಿಯ ಹೆಸರು ‘ಇಸೆಕೈ ಶೊಕುದೊ’. ಬೇರೆ ಲೋಕದವರ ಊಟದ ಹೋಟೆಲ್ ಎಂದು ಕನ್ನಡದಲ್ಲಿ ಹೇಳಬಹುದು. ಇನುಜುಕಾ ಜುನ್‌ಪೇ ಎಂಬ ಲೇಖಕರು 2013ರಲ್ಲಿ ಇದನ್ನು ಅಂತರ್ಜಾಲದಲ್ಲಿ ಬಿಡಿಬಿಡಿ ಕಥೆಗಳಾಗಿ ಬರೆಯತೊಡಗಿದರು. 2015ರಲ್ಲಿ ಪುಸ್ತಕವಾಯಿತು. 2017ರಲ್ಲಿ 12 ಕಂತುಗಳ ಅನಿಮೆ ಬಂತು, 2021ರಲ್ಲಿ ಮತ್ತೆ 12 ಕಂತುಗಳು. ನಮ್ಮ ಹುಡುಗ ಹುಡುಗಿಯರಲ್ಲಿ ಬಹಳಷ್ಟು ಮಂದಿ ಇದನ್ನು ಮೊಬೈಲಿನಲ್ಲಿ ನೋಡಿದ್ದಾರೆ.

ಕಥೆ ತೀರ ಸರಳ. ಜಪಾನಿನ ಒಂದು ಅಂಗಡಿ ಬೀದಿ. ಅಲ್ಲಿನ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ‘ನೆಕೋಯಾ’ ಎಂಬ ಹೋಟೆಲ್. ಬಾಗಿಲ ಮೇಲೆ ಬೆಕ್ಕಿನ ಚಿತ್ರ. ಅಜ್ಜ ನಡೆಸುತ್ತಿದ್ದ ಹೋಟೆಲನ್ನು ಈಗ ಮೊಮ್ಮಗ ನಡೆಸುತ್ತಾನೆ. ಅವನನ್ನು ಎಲ್ಲರೂ ಯಜಮಾನ ಎಂದೇ ಕರೆಯುತ್ತಾರೆ. ವಾರದ ದಿನಗಳಲ್ಲಿ ಸುತ್ತಲಿನ ಆಫೀಸುಗಳ ಜನ ಬಂದು ಉಂಡು ಹೋಗುತ್ತಾರೆ. ಶನಿವಾರ ಊರಿನ ಗಿರಾಕಿಗಳಿಗೆ ಬಾಗಿಲು ಮುಚ್ಚಿರುತ್ತದೆ. ಅಂದು ಇನ್ನೊಂದು ಲೋಕದ ಕಾಡಿನಲ್ಲಿ, ಮರುಭೂಮಿಯಲ್ಲಿ, ಪಾಳುಬಿದ್ದ ಗಣಿಯಲ್ಲಿ ಅದೇ ಬೆಕ್ಕಿನ ಬಾಗಿಲು ಕಾಣಿಸಿಕೊಳ್ಳುತ್ತದೆ. ಬಾಗಿಲು ತೆರೆದರೆ ಗಂಟೆಯ ಸದ್ದು, ಒಳಗೆ ಬಿಸಿ ಊಟದ ವಾಸನೆ.

ಈ ಸರಣಿಯಲ್ಲಿ ದೊಡ್ಡ ಯುದ್ಧವಿಲ್ಲ. ಖಳನಾಯಕನೂ ಇಲ್ಲ. ಯಾರೋ ಒಬ್ಬರು ಬರುತ್ತಾರೆ, ಕೂರುತ್ತಾರೆ, ಉಣ್ಣುತ್ತಾರೆ, ದುಡ್ಡು ಕೊಟ್ಟು ಹೋಗುತ್ತಾರೆ. ಮುಂದಿನ ಶನಿವಾರ ಮತ್ತೆ ಬರುತ್ತಾರೆ. ಹಾಗಿದ್ದೂ ಜನ ಇದನ್ನು ಬಿಡದೆ ನೋಡುತ್ತಾರೆ. ಯಾಕೆ? ಆ ಯಜಮಾನ ಅತಿಥಿಗಳ ಜೊತೆ ನಡೆದುಕೊಳ್ಳುವ ರೀತಿಯಲ್ಲಿ ಉತ್ತರ ಇದೆ ಎಂದು ನಮಗೆ ಅನ್ನಿಸುತ್ತದೆ. ಅದರಲ್ಲಿ ನಾಲ್ಕು ಸಂಗತಿಗಳನ್ನು ಇಲ್ಲಿ ಹೇಳುತ್ತೇವೆ.

ಮೊದಲನೆಯದು, ಅವನು ಯಾರನ್ನೂ ‘ನೀನು ಯಾವ ಜಾತಿಯ ಜೀವಿ’ ಎಂದು ಕೇಳುವುದಿಲ್ಲ. ‘ಏನು ಉಣ್ಣುತ್ತೀರಿ’ ಎಂದು ಕೇಳುತ್ತಾನೆ. ಫರ್ದಾನಿಯಾ ಎಂಬ ಎಲ್ಫ್ ಹುಡುಗಿ ಬರುತ್ತಾಳೆ. ಅವಳ ಕುಲದವರಿಗೆ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಆಗದು. ಯಜಮಾನ ಮುಖ ಸಿಂಡರಿಸುವುದಿಲ್ಲ. ಸೋಯಾ ಅವರೆಯಿಂದ ಮಾಡಿದ ತೋಫುವನ್ನು ಹುರಿದು ಅವಳ ಮುಂದಿಡುತ್ತಾನೆ. ಮನುಷ್ಯರ ಅಡುಗೆಯನ್ನು ಕೀಳೆಂದು ತಿಳಿದಿದ್ದ ಆ ಹುಡುಗಿ ಬೆರಗಾಗಿ ಉಣ್ಣುತ್ತಾಳೆ.

ಎರಡನೆಯದು, ಅವನು ದುಡ್ಡು ತೆಗೆದುಕೊಳ್ಳುತ್ತಾನೆ. ಬೇರೆ ಲೋಕದ ಚಿನ್ನ, ಬೆಳ್ಳಿ, ತಾಮ್ರದ ನಾಣ್ಯವಾದರೂ ಸರಿ. ಇದು ಸಣ್ಣ ವಿಷಯ ಎನ್ನಬೇಡಿ. ದುಡ್ಡು ಕೊಟ್ಟು ಉಂಡವರು ತಲೆ ಎತ್ತಿಕೊಂಡು ಹೊರಗೆ ಹೋಗುತ್ತಾರೆ. ಅಲ್ಲಿ ಯಾರೂ ಬೇಡುವವರಲ್ಲ, ಎಲ್ಲರೂ ಗಿರಾಕಿಗಳು.

ಮೂರನೆಯದು ಅಲೆಟ್ಟಾಳ ಕಥೆ. ಅವಳ ತಲೆಯಲ್ಲಿ ಪುಟ್ಟ ಕೊಂಬುಗಳಿವೆ. ರಾಕ್ಷಸ ಕುಲದವಳು ಎಂದು ಗೊತ್ತಾದ ಕೂಡಲೆ ಎಲ್ಲರೂ ಅವಳನ್ನು ಕೆಲಸದಿಂದ ತೆಗೆಯುತ್ತಾರೆ. ಹಸಿದು ಅಲೆಯುತ್ತಾ ಈ ಬಾಗಿಲು ಕಂಡು ಒಳಗೆ ಬರುತ್ತಾಳೆ. ಅಡುಗೆಮನೆಯಲ್ಲಿ ಪಾತ್ರೆಯೊಂದರಲ್ಲಿದ್ದ ಜೋಳದ ಸಾರನ್ನು ಕೇಳದೆ ಕುಡಿದು, ಅಲ್ಲೇ ಮಲಗಿಬಿಡುತ್ತಾಳೆ. ಕಣ್ಣು ಬಿಟ್ಟಾಗ ಯಜಮಾನ ಎದುರಿಗಿದ್ದಾನೆ. ಅವನು ಪೊಲೀಸರನ್ನು ಕರೆಯಬಹುದಿತ್ತು, ಬೈದು ಹೊರಗೆ ಹಾಕಬಹುದಿತ್ತು. ಅವನು ಮೊದಲು ತಿಂಡಿ ಕೊಡುತ್ತಾನೆ, ಆಮೇಲೆ ಶನಿವಾರಗಳಂದು ಬಡಿಸುವ ಕೆಲಸ ಕೊಡುತ್ತಾನೆ. ಸಾರು ಕದ್ದವಳ ಕೈಗೇ ಸಾರಿನ ಬಟ್ಟಲು ಒಪ್ಪಿಸುತ್ತಾನೆ.

ನಾಲ್ಕನೆಯದು, ಅವನು ಯಾರಿಗೂ ಉಪದೇಶ ಮಾಡುವುದಿಲ್ಲ. ಅಲೆಟ್ಟಾ ತನ್ನ ಕುಲದ ದೇವರನ್ನು ನೆನೆಯುತ್ತಾಳೆ. ಬೆಳಕಿನ ದೇವರ ಅರ್ಚಕಿಯೂ ಅದೇ ಹೋಟೆಲಿಗೆ ಕೇಕು ತಿನ್ನಲು ಬರುತ್ತಾಳೆ. ಹೊರಗಿನ ಲೋಕದಲ್ಲಿ ಈ ಇಬ್ಬರ ಜನ ಪರಸ್ಪರ ವೈರಿಗಳು. ಒಳಗೆ ನಡೆಯುವ ವಾದವೆಲ್ಲ ಯಾವ ತಿನಿಸು ಹೆಚ್ಚು ರುಚಿ ಎಂಬುದರ ಬಗ್ಗೆ.

ನಮ್ಮ ಸೀಮೆಯ ಬೇರೆ ಲೋಕದವರು

ಇದು ಜಪಾನಿನ ಕಲ್ಪನೆಯ ಕಥೆ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಉಮರ್ಗಾ, ನಿಲಂಗಾ, ಉದಗೀರದ ಕಡೆಯ ನಮಗೆ ಬೇರೆ ಲೋಕದವರು ಎಂದರೆ ಯಾರೆಂದು ಚೆನ್ನಾಗಿ ಗೊತ್ತು, ಯಾಕೆಂದರೆ ನಾವೇ ಕೆಲವರಿಗೆ ಹಾಗೆ ಕಾಣುತ್ತೇವೆ. ಉದಗೀರ, ನಿಲಂಗಾ, ಅಹಮದಪುರ ಈ ಮೂರೂ ತಾಲೂಕುಗಳು ಒಂದು ಕಾಲಕ್ಕೆ ಬೀದರ ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ ಮೈಸೂರು ರಾಜ್ಯಕ್ಕೆ ಹೋಯಿತು, ಈ ಮೂರು ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಬಂದವು. ನಿನ್ನೆಯವರೆಗೆ ಒಂದೇ ಜಿಲ್ಲೆಯಲ್ಲಿದ್ದ ತವರು ಮತ್ತು ಗಂಡನ ಮನೆ ಮರುದಿನ ಎರಡು ರಾಜ್ಯಗಳಲ್ಲಿದ್ದವು. ಬೀದರಿಗೆ ಹೋದರೆ ನಾವು ‘ಮಹಾರಾಷ್ಟ್ರದವರು’, ಲಾತೂರಿಗೆ ಹೋದರೆ ‘ಕಾನಡಿ’ ಮಾತಾಡುವವರು.

ಇನ್ನು ನಮ್ಮ ಸೀಮೆಯಿಂದ ಕಬ್ಬು ಕಡಿಯಲು ಹೋಗುವವರನ್ನು ನೆನೆಯಿರಿ. ದೀಪಾವಳಿಯ ಆಸುಪಾಸಿನಲ್ಲಿ ಬೀಡ, ಧಾರಾಶಿವ, ಲಾತೂರ ಜಿಲ್ಲೆಗಳಿಂದ ಗಂಡಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಪಶ್ಚಿಮ ಮಹಾರಾಷ್ಟ್ರಕ್ಕೂ ಕರ್ನಾಟಕದ ಕಾರ್ಖಾನೆಗಳ ಕಡೆಗೂ ಹೊರಡುತ್ತಾರೆ. ಮುಕಾದಮನ ಲೆಕ್ಕದಲ್ಲಿ ಒಂದು ಜೋಡಿಗೆ ‘ಒಂದು ಕೊಯ್ತಾ’ ಎಂದು ಹೆಸರು. ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಇಬ್ಬರು ಮನುಷ್ಯರು ಕೂಡಿ ಒಂದು ಕತ್ತಿಯಾಗುತ್ತಾರೆ. ಅವರು ಯಾವುದೋ ಊರಿನ ಹೊರಗೆ ತಾಡಪತ್ರಿಯ ಗುಡಿಸಲಲ್ಲಿ ಐದಾರು ತಿಂಗಳು ಇರುತ್ತಾರೆ. ಆ ಊರಿನ ಮದುವೆಯ ವಾದ್ಯ ಅವರಿಗೆ ಕೇಳಿಸುತ್ತದೆ, ಊಟಕ್ಕೆ ಕರೆ ಬರುವುದಿಲ್ಲ. ಆ ಊರಿನವರ ಕಣ್ಣಿಗೆ ಅವರು ಬೇರೆ ಲೋಕದವರು.

ನಮ್ಮ ಕಡೆಗೂ ಹಾಗೆ ಬರುವವರಿದ್ದಾರೆ. ಪುಣೆಯಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿ ಉಮರ್ಗಾದ ಮೇಲೆಯೇ ಹಾದುಹೋಗುತ್ತದೆ. ಅದರ ಧಾಬಾಗಳಲ್ಲಿ ಪಾತ್ರೆ ತೊಳೆಯುವ ಹುಡುಗರು ಬಿಹಾರದವರೋ ಉತ್ತರ ಪ್ರದೇಶದವರೋ ಆಗಿರುತ್ತಾರೆ. ಇಟ್ಟಂಗಿ ಭಟ್ಟಿಯ ಕುಟುಂಬಗಳಿವೆ. ಕುರಿ ಹೊಡೆದುಕೊಂಡು ಬಂದು ಹೊಲದಲ್ಲಿ ತಂಗುವವರಿದ್ದಾರೆ. ಇವರನ್ನು ನಾವು ದಿನವೂ ನೋಡುತ್ತೇವೆ, ಹೆಸರು ಮಾತ್ರ ಗೊತ್ತಿರುವುದಿಲ್ಲ.

ಈ ಮಣ್ಣಿಗೆ ಇದು ಹೊಸದಲ್ಲ

ಅಪರಿಚಿತನನ್ನು ಕರೆದು ಉಣಿಸುವುದನ್ನು ನಾವು ಜಪಾನಿನಿಂದ ಕಲಿಯಬೇಕಿಲ್ಲ. ಲಾತೂರ, ಧಾರಾಶಿವ ಜಿಲ್ಲೆಗಳಲ್ಲಿ ಡಿಸೆಂಬರ್ ಜನವರಿಯ ಹೊತ್ತಿಗೆ ಬರುವ ವೇಳಾ ಅಮಾವಾಸ್ಯೆ ನಿಮಗೆಲ್ಲ ಗೊತ್ತು. ಕನ್ನಡದ ಎಳ್ಳಮಾವಾಸ್ಯೆಯೇ ಮರಾಠಿಯ ಬಾಯಲ್ಲಿ ವೇಳಾ ಅಮಾವಾಸ್ಯೆಯಾಗಿದೆ. ಅಂದು ಲಾತೂರಿನ ಪೇಟೆ ಬಿಕೋ ಎನ್ನುತ್ತದೆ. ಊರೆಲ್ಲ ಹೊಲದಲ್ಲಿರುತ್ತದೆ. ಜೋಳದ ದಂಟಿನ ಕೊಪ್ಪಿ ಕಟ್ಟಿ, ಕಾಳು ತರಕಾರಿ ಎಲ್ಲ ಸೇರಿಸಿದ ಭಜ್ಜಿ, ಸಜ್ಜೆಯ ರೊಟ್ಟಿ, ಮಣ್ಣಿನ ಮಡಕೆಯಲ್ಲಿ ಅಂಬಲಿ ಇಟ್ಟು ಕಾಯುತ್ತಾರೆ. ಸ್ವಂತ ಹೊಲ ಇಲ್ಲದವರನ್ನು ಕರೆಯುತ್ತಾರೆ. ದಾರಿಯಲ್ಲಿ ಹೋಗುವವನನ್ನೂ ಕೂಗಿ ಕರೆಯುತ್ತಾರೆ. ಉಣ್ಣುವ ಮೊದಲು ಹೊಲದ ನಾಲ್ಕೂ ಕಡೆ ಚರಗ ಚೆಲ್ಲುತ್ತಾರೆ. ಅದು ಭೂಮಿಯ ಪಾಲು, ಹಕ್ಕಿಯ ಪಾಲು, ಕಣ್ಣಿಗೆ ಕಾಣದವರ ಪಾಲು. ನಾವು ಕ್ರೈಸ್ತರು ಆ ಪೂಜೆ ಮಾಡುವುದಿಲ್ಲ. ಆದರೆ ನೆರೆಯವರ ಹೊಲದಲ್ಲಿ ಭಜ್ಜಿ ಉಣ್ಣದ ಕ್ರೈಸ್ತ ಮನೆ ಈ ಸೀಮೆಯಲ್ಲಿ ಸಿಗುವುದು ಕಷ್ಟ. ನಾವು ಎಷ್ಟೋ ವರ್ಷಗಳಿಂದ ಆ ಊಟದ ಅತಿಥಿಗಳು.

ಉಮರ್ಗಾದ ಆಚೆ ಅದೇ ಹೆದ್ದಾರಿಯಲ್ಲಿ ಮುಂದೆ ಹೋದರೆ ಬಸವಕಲ್ಯಾಣದ ದಾರಿ ಸಿಗುತ್ತದೆ. 12ನೇ ಶತಮಾನದಲ್ಲಿ ಅಲ್ಲಿ ದಾಸೋಹ ನಡೆಯಿತು, ಬೇರೆ ಬೇರೆ ಕಾಯಕದವರು ಒಟ್ಟಿಗೆ ಉಂಡರು. ಶರಣರು ಗೌರವದಿಂದ ನೆನೆಯುವ ಮಾದಾರ ಚೆನ್ನಯ್ಯನ ಕಥೆಯನ್ನು ಈ ಕಡೆಯವರು ಬಲ್ಲರು. ಅರಸನ ಮನೆಯ ಮೃಷ್ಟಾನ್ನ ಬಿಟ್ಟು ಶಿವನು ಚೆನ್ನಯ್ಯನ ಅಂಬಲಿ ಉಂಡ ಎಂದು ಆ ಕಥೆ ಹೇಳುತ್ತದೆ. ಅರಮನೆಗೆ ಬರಬೇಕಾಗಿದ್ದ ಅತಿಥಿ ಕೇರಿಗೆ ಹೋದ.

ಇನ್ನೊಂದು ಕಥೆ ಮಂಗಳವೇಢೆಯ ದಾಮಾಜಿ ಪಂತನದು. ಬೀದರಿನ ಬಹಮನಿ ಸುಲ್ತಾನರ ಕಾಲ. ಘೋರ ಬರ. ದಾಮಾಜಿ ಸರಕಾರಿ ಕಣಜದ ಬಾಗಿಲು ತೆರೆದು ಹಸಿದವರಿಗೆ ಧಾನ್ಯ ಹಂಚಿದ. ಸುದ್ದಿ ಬೀದರಿಗೆ ಮುಟ್ಟಿತು, ಶಿಕ್ಷೆ ಖಂಡಿತ ಎನ್ನುವಾಗ ಒಬ್ಬ ಬಡವ ದರಬಾರಿಗೆ ಬಂದು ಧಾನ್ಯದ ಬೆಲೆಯನ್ನೆಲ್ಲ ಕೊಟ್ಟುಹೋದ. ಮಹಾರ ಜಾತಿಯ ಆಳಿನ ವೇಷದಲ್ಲಿ ಬಂದವನು ವಿಠ್ಠಲನೇ ಎಂದು ಜನ ನಂಬುತ್ತಾರೆ. ಜಪಾನಿನ ಹೋಟೆಲಿನಲ್ಲಿ ಬೇರೆ ಲೋಕದವರು ತಮ್ಮ ಊಟದ ದುಡ್ಡನ್ನು ತಾವು ಕೊಡುತ್ತಾರೆ. ಇಲ್ಲಿ ಬೇರೆ ಲೋಕದಿಂದ ಬಂದವನು ಎಲ್ಲರ ಊಟದ ಲೆಕ್ಕ ತೀರಿಸಿ ಹೋಗುತ್ತಾನೆ.

ಕಥೆಗಳು ಬೇಡ ಎನ್ನುವವರಿಗೆ ನಮ್ಮ ತಂದೆತಾಯಿಯರು ಕಂಡದ್ದೇ ಇದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, 4 ಗಂಟೆಗೆ ಇನ್ನೇನು ಕೆಲವು ನಿಮಿಷ ಇರುವಾಗ, ಕಿಲ್ಲಾರಿ ಮತ್ತು ಸಾಸ್ತೂರ ಸುತ್ತಿನ ನೆಲ ನಡುಗಿತು. ಕಲ್ಲುಮಣ್ಣಿನ ಭಾರದ ಮನೆಗಳು ಮಲಗಿದ್ದವರ ಮೇಲೆ ಬಿದ್ದವು. ಸಾವಿರಾರು ಜನ ಸತ್ತರು. ಆಮೇಲೆ ಬಂದವರು ಯಾರು? ನಮ್ಮ ಭಾಷೆ ಬಾರದವರು, ನಮ್ಮ ಊಟ ಗೊತ್ತಿಲ್ಲದವರು, ದೇಶದ ಮೂಲೆಮೂಲೆಯಿಂದ ಬಂದರು, ಹೊರದೇಶಗಳಿಂದಲೂ ಬಂದರು. ಮನೆ ಕಳೆದುಕೊಂಡವರು ಯಾವ ಜಾತಿ, ಯಾವ ದೇವರು ಎಂದು ಅವರು ಕೇಳುತ್ತಾ ನಿಲ್ಲಲಿಲ್ಲ.

ಶುಭಸಂದೇಶದ ಊಟ

ನಮ್ಮ ಬೈಬಲಿನಲ್ಲಿ ಈ ವಿಷಯ ಎಷ್ಟು ಸಲ ಬರುತ್ತದೆ ನೋಡಿ. ಆದಿಕಾಂಡದ 18ನೇ ಅಧ್ಯಾಯದಲ್ಲಿ ಬಿಸಿಲೇರಿದ ಹೊತ್ತು ಮೂವರು ಅಪರಿಚಿತರು ಅಬ್ರಹಾಮನ ಗುಡಾರದ ಮುಂದೆ ನಿಂತಿರುತ್ತಾರೆ. ಅವನು ಓಡಿಹೋಗಿ ಎದುರುಗೊಳ್ಳುತ್ತಾನೆ, ಕಾಲಿಗೆ ನೀರು ಕೊಡಿಸುತ್ತಾನೆ, ಸಾರಳಿಗೆ ರೊಟ್ಟಿ ಸುಡಲು ಹೇಳುತ್ತಾನೆ, ಎಳೆಗರುವಿನ ಅಡುಗೆ ಮಾಡಿಸುತ್ತಾನೆ. ಅವರು ಮರದ ಕೆಳಗೆ ಉಣ್ಣುವಾಗ ತಾನು ಬಳಿಯಲ್ಲಿ ನಿಂತು ಉಪಚರಿಸುತ್ತಾನೆ. ಅವರು ಎಲ್ಲಿಂದ ಬಂದವರು ಎಂಬುದು ತಿಳಿಯುವುದು ಊಟವಾದ ಮೇಲೆ. ಎಮ್ಮಾವುಸಿನ ದಾರಿಯಲ್ಲಿ ಇಬ್ಬರು ಶಿಷ್ಯರು ಜೊತೆಗೆ ನಡೆದುಬಂದ ಅಪರಿಚಿತನನ್ನು ರಾತ್ರಿ ನಮ್ಮಲ್ಲೇ ಉಳಿ ಎಂದು ಒತ್ತಾಯಿಸುತ್ತಾರೆ. ಆತ ಪ್ರಭು ಯೇಸು ಎಂದು ಅವರಿಗೆ ತಿಳಿಯುವುದು ರೊಟ್ಟಿ ಮುರಿಯುವಾಗ, ಅಂದರೆ ಒಂದೇ ಮೇಜಿಗೆ ಕೂತಾಗ. ಬಾಗಿಲಲ್ಲಿ ನಿಲ್ಲಿಸಿ ನಾಲ್ಕು ರೊಟ್ಟಿ ಕಟ್ಟಿಕೊಟ್ಟು ಕಳಿಸಿದ್ದರೆ ತಿಳಿಯುತ್ತಲೇ ಇರಲಿಲ್ಲ.

ಲೂಕನ 14ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಇನ್ನೂ ನೇರವಾಗಿ ಹೇಳುತ್ತಾರೆ. ಔತಣ ಮಾಡಿದಾಗ ತಿರುಗಿ ಕರೆಯಬಲ್ಲ ಗೆಳೆಯರನ್ನು, ನೆಂಟರನ್ನು, ಅನುಕೂಲಸ್ಥ ನೆರೆಯವರನ್ನು ಕರೆಯುವುದು ಸುಲಭ. ತಿರುಗಿ ಕರೆಯಲಾರದವರನ್ನು ಕರೆಯಿರಿ ಎನ್ನುತ್ತಾರೆ. ಕರೆಯಿರಿ ಎನ್ನುತ್ತಾರೆ, ಕಳಿಸಿಕೊಡಿ ಎನ್ನುವುದಿಲ್ಲ.

ಪೊಟ್ಟಣವೋ, ಪಂಕ್ತಿಯೋ

ಇಲ್ಲಿಗೆ ನಮ್ಮ ಮಾತು ಬಂತು. ಹಬ್ಬದ ಊಟಗಳಲ್ಲಿ ಒಂದು ರೂಢಿ ಬೆಳೆದಿದೆ. ಬಲಿಪೂಜೆಯ ನಂತರ ಧರ್ಮಕೇಂದ್ರದ ಕುಟುಂಬಗಳು ಶಾಮಿಯಾನದ ಕೆಳಗೆ ಕೂತು ಉಣ್ಣುತ್ತವೆ. ಕೊನೆಗೆ ಉಳಿದ ಅನ್ನ, ಸಾರನ್ನು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ ಗುಡಿಸಲುಗಳ ಕಡೆ ಹಂಚಲಾಗುತ್ತದೆ. ಹಂಚುವಾಗ ಫೋಟೋ, ಆ ಫೋಟೋ ವಾಟ್ಸಾಪಿನಲ್ಲಿ. ಇದು ಒಂದೇ ಊರಿನ, ಒಂದೇ ಧರ್ಮದ ಮಾತಲ್ಲ. ಎಲ್ಲ ಕಡೆ, ಎಲ್ಲ ಹಬ್ಬಗಳಲ್ಲಿ ಕಾಣುತ್ತದೆ.

ಪೊಟ್ಟಣ ಕೆಟ್ಟದ್ದು ಎಂದು ನಾವು ಹೇಳುವುದಿಲ್ಲ. 2020ರ ಲಾಕ್‌ಡೌನ್ ದಿನಗಳಲ್ಲಿ ಹೆದ್ದಾರಿಯಲ್ಲಿ ನಡೆದುಹೋಗುತ್ತಿದ್ದವರಿಗೆ ಊಟದ ಪೊಟ್ಟಣವೇ ಜೀವ ಹಿಡಿದಿಟ್ಟಿತು. ಆಗ ಹತ್ತಿರ ಕೂರುವಂತಿರಲಿಲ್ಲ. ಈಗ ಕೂರಬಹುದು. ಈಗಲೂ ಪೊಟ್ಟಣವೇ ಕೊಡುವುದಾದರೆ ಅದರಿಂದ ಹೊಟ್ಟೆ ತುಂಬುತ್ತದೆ, ಆದರೆ ‘ನಮ್ಮ ಅನ್ನ ನಿನಗೆ ಸರಿ, ನಮ್ಮ ಪಕ್ಕದ ಜಾಗ ನಿನಗಲ್ಲ’ ಎಂಬ ಮಾತೂ ಅದರ ಜೊತೆಗೇ ಹೋಗುತ್ತದೆ. ಈ ಮಾತು ನಮ್ಮ ದೇಶದಲ್ಲಿ ಯಾರಿಗೆ ಎಷ್ಟು ಕಾಲದಿಂದ ಹೇಳಲಾಗಿದೆ ಎಂಬುದನ್ನು ವಿವರಿಸಬೇಕಿಲ್ಲ. ನಮ್ಮ ಹಲವರ ಅಜ್ಜ ಮುತ್ತಜ್ಜಂದಿರು ಬೇರೆ ಲೋಟದಲ್ಲಿ ಚಹಾ ಕುಡಿದವರು. ಮೇಲಿನಿಂದ ಸುರಿದ ನೀರನ್ನು ಬೊಗಸೆಯಲ್ಲಿ ಹಿಡಿದವರು. ಅವರಿಗೆ ಚರ್ಚಿನಲ್ಲಿ ಸಿಕ್ಕ ಮೊದಲ ದೊಡ್ಡ ಸಂತೋಷ ಒಂದೇ ಬಟ್ಟಲು, ಒಂದೇ ರೊಟ್ಟಿ. ಆ ಮನೆತನದ ನಾವು ಯಾರನ್ನೂ ಗೇಟಿನ ಹೊರಗೆ ಉಣಿಸಬಾರದು.

ಇದಕ್ಕೆ ಬರುವ ಆಕ್ಷೇಪಗಳನ್ನು ನಾವು ಕೇಳಿದ್ದೇವೆ. ಖರ್ಚು ಹೆಚ್ಚಾಗುತ್ತದೆ ಎನ್ನುತ್ತಾರೆ. 300 ಜನರ ಊಟಕ್ಕೆ ಇನ್ನು 30 ತಾಟು ಸೇರಿದರೆ ಯಾವ ಧರ್ಮಕೇಂದ್ರವೂ ಮುಳುಗದು. ಒಂದು ಸಿಹಿ ಕಡಿಮೆ ಮಾಡಿದರೆ ಸಾಕು. ಅಪರಿಚಿತರು ಬಂದರೆ ಹೆಣ್ಣುಮಕ್ಕಳಿರುವ ಕಡೆ ಹೇಗೆ ಎನ್ನುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಅದಕ್ಕಾಗಿಯೇ ಕುಟುಂಬಸಮೇತ ಕರೆಯೋಣ. ನಮ್ಮ ತಾಯಂದಿರು ಹೋಗಿ ಅವರ ತಾಯಂದಿರನ್ನು ಕರೆಯಲಿ. ಪರಿಚಯವಾದ ಮೇಲೆ ಅವರು ಅಪರಿಚಿತರಾಗಿ ಉಳಿಯುವುದಿಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದು. ಕ್ರೈಸ್ತರು ಬಡವರನ್ನು ಕರೆದು ಉಣಿಸಿದರೆ ಮತಾಂತರ ಎಂದು ಗುಲ್ಲೆದ್ದೀತು ಎಂಬ ಭಯ. ಈ ಭಯ ಸುಳ್ಳಲ್ಲ, ಇಂದಿನ ದಿನಗಳಲ್ಲಿ ಹಿರಿಯರು ಹೀಗೆ ಯೋಚಿಸುವುದು ಸಹಜ. ಆದರೆ ಅದಕ್ಕೆ ಉತ್ತರ ಬಾಗಿಲು ಮುಚ್ಚುವುದಲ್ಲ. ನೆಕೋಯಾದ ಯಜಮಾನನಂತೆ ಉಣಿಸಿದರಾಯಿತು. ಊಟದ ಜೊತೆ ಕರಪತ್ರ ಬೇಡ, ಮೈಕಿನಲ್ಲಿ ಭಾಷಣ ಬೇಡ, ಹೆಸರು ಬರೆಸಿಕೊಳ್ಳುವ ಪುಸ್ತಕ ಬೇಡ. ಊರಿನ ನೆರೆಯವರನ್ನೂ ಕರೆಯೋಣ, ಅವರೂ ಕೂತು ನೋಡಲಿ. ವೇಳಾ ಅಮಾವಾಸ್ಯೆಯಂದು ಅವರ ಹೊಲದಲ್ಲಿ ಉಂಡು ಬಂದ ನಮ್ಮನ್ನು ಯಾರೂ ‘ನೀನು ಇನ್ನು ನಮ್ಮ ಧರ್ಮಕ್ಕೆ ಬಾ’ ಎನ್ನಲಿಲ್ಲ. ಅದೇ ಮರ್ಯಾದೆ ನಮ್ಮ ಶಾಮಿಯಾನದಲ್ಲಿ ಅವರಿಗೆ ಸಿಗಲಿ.

ಡ್ರ್ಯಾಗನ್, ರಾಕ್ಷಸರಿರುವ ಕಾರ್ಟೂನಿನಿಂದ ಮಕ್ಕಳು ಕೆಡುತ್ತಾರೆ ಎಂದು ಚಿಂತಿಸುವ ತಂದೆತಾಯಿಯರಿಗೂ ಒಂದು ಮಾತು. ಮಕ್ಕಳ ಜೊತೆ ಕೂತು ಒಂದೆರಡು ಕಂತು ನೋಡಿ. ಆಮೇಲೆ ‘ಅಲೆಟ್ಟಾ ನಮ್ಮ ಊರಿಗೆ ಬಂದಿದ್ದರೆ ಏನಾಗುತ್ತಿತ್ತು’ ಎಂದು ಅವರನ್ನು ಕೇಳಿ. ಮಕ್ಕಳು ಕೊಡುವ ಉತ್ತರದಲ್ಲಿ ನಮ್ಮ ಊರು ಅವರಿಗೆ ಹೇಗೆ ಕಾಣುತ್ತಿದೆ ಎಂಬುದು ನಿಮಗೆ ತಿಳಿಯುತ್ತದೆ.

ಮುಂದಿನ ಹಬ್ಬಕ್ಕೆ

ಹಾಗಾದರೆ ಏನು ಮಾಡಬೇಕು? ಯುವಜನರ ಪರವಾಗಿ ನಮ್ಮ ಸಲಹೆಗಳು ಇವು. ಗುರುಗಳೂ ಹಿರಿಯರೂ ಯೋಚಿಸಲಿ.

ಹಬ್ಬಕ್ಕೆ ಒಂದು ವಾರ ಮೊದಲು ಯುವಜನರು ಇಬ್ಬಿಬ್ಬರಾಗಿ, ಜೊತೆಗೆ ಒಬ್ಬ ಹಿರಿಯರನ್ನು ಕರೆದುಕೊಂಡು, ಗುಡಿಸಲುಗಳಿಗೆ, ಇಟ್ಟಂಗಿ ಭಟ್ಟಿಗೆ, ಧಾಬಾಗಳಿಗೆ ಹೋಗಿ ಬಾಯಿತುಂಬ ಕರೆಯಲಿ. ಮದುವೆಗೆ ಹೇಗೆ ಅರಿಶಿನ ಕುಂಕುಮ ಹಿಡಿದು ಮನೆಗೇ ಹೋಗಿ ಕರೆಯುತ್ತಾರೋ ಅದೇ ಗೌರವದಿಂದ. ಹೆಸರು ಕೇಳಿಕೊಂಡು ನೆನಪಿಟ್ಟುಕೊಳ್ಳಲಿ. ಏನು ಉಣ್ಣುತ್ತೀರಿ, ಏನು ಉಣ್ಣುವುದಿಲ್ಲ ಎಂದು ಕೇಳಲಿ. ಮಾಂಸ ಉಣ್ಣದವರಿಗೆ ಬೇರೆ ಒಲೆಯಲ್ಲಿ ಬೇಳೆ ಪಲ್ಯ ಮಾಡುವುದು ದೊಡ್ಡ ಕೆಲಸವಲ್ಲ.

ಊಟದ ದಿನ ಮೊದಲ ಪಂಕ್ತಿ ಅವರದಾಗಲಿ. ಅವರ ನಡುನಡುವೆ ನಮ್ಮ ಕುಟುಂಬಗಳೂ ಕೂರಲಿ, ಅವರನ್ನೇ ಒಂದು ಮೂಲೆಯಲ್ಲಿ ಗುಂಪಾಗಿ ಕೂರಿಸುವುದು ಬೇಡ. ಯುವಜನರು ಬಡಿಸಲಿ, ಕೊನೆಯ ಪಂಕ್ತಿಯಲ್ಲಿ ಉಣ್ಣಲಿ. ಒಂದೇ ಬಗೆಯ ತಾಟು, ಒಂದೇ ಬಗೆಯ ಲೋಟ. ಅವರ ಮುಖಕ್ಕೆ ಮೊಬೈಲ್ ಹಿಡಿಯುವುದು ಬೇಡ.

ಅವರಲ್ಲಿ ಯಾರಾದರೂ ನಾಲ್ಕು ಬಾಳೆಹಣ್ಣು, ಒಂದು ತೆಂಗಿನಕಾಯಿ ತಂದರೆ ‘ಇದೆಲ್ಲ ಯಾಕೆ’ ಎಂದು ಹಿಂದಿರುಗಿಸಬೇಡಿ. ಬಡಿಸಲು ಕೈ ಹಾಕುತ್ತೇನೆ ಎಂದರೆ ಬಕೆಟ್ಟು ಸೌಟು ಕೈಗೆ ಕೊಡಿ. ನೆಕೋಯಾದಲ್ಲಿ ಬೆಳ್ಳಿ ನಾಣ್ಯ ಮಾಡುವ ಕೆಲಸವನ್ನು ಇಲ್ಲಿ ಬಾಳೆಹಣ್ಣು ಮಾಡುತ್ತದೆ. ಕೊಡುವ ಕೈ ಅವರಿಗೂ ಇದೆ ಎಂಬುದನ್ನು ನಾವು ಒಪ್ಪಿಕೊಂಡಂತಾಗುತ್ತದೆ.

ಮೊದಲ ವರ್ಷ ಬಹುಶಃ ನಾಲ್ಕೇ ಮಂದಿ ಬಂದಾರು. ಅವರೂ ಮುದುಡಿಕೊಂಡು ಕೂತು ಬೇಗ ಉಂಡು ಎದ್ದುಹೋದಾರು. ಅದಕ್ಕೆ ಬೇಸರ ಬೇಡ. ಬೆಕ್ಕಿನ ಬಾಗಿಲನ್ನು ಮೊದಲ ಸಲ ತಳ್ಳುವವರೆಲ್ಲ ಹೆದರಿಕೊಂಡೇ ಒಳಗೆ ಬರುತ್ತಾರೆ. ಎರಡನೇ ಸಲ ತಾವಾಗಿ ಬರುತ್ತಾರೆ, ಯಾಕೆಂದರೆ ಮೊದಲ ಸಲ ತಾಟು ಕಾಯುತ್ತಿತ್ತು.

ಈ ವರ್ಷದ ಕ್ರಿಸ್ಮಸ್ ಊಟದ ಸಭೆ ನಿಮ್ಮ ಧರ್ಮಕೇಂದ್ರದಲ್ಲಿ ಯಾವಾಗ ನಡೆಯುತ್ತದೆ ಎಂದು ಕೇಳಿಕೊಳ್ಳಿ. ಆ ಸಭೆಗೆ ಹೋಗಿ. ಅಡುಗೆಯ ಪಟ್ಟಿ ಬರೆಯುವಾಗ ಎದ್ದು ನಿಂತು, ಅತಿಥಿಗಳಿಗೆಂದು 30 ತಾಟು ಸೇರಿಸಿ ಎಂದು ಹೇಳಿ. ಕ್ರಿಸ್ಮಸ್ ಹೊತ್ತಿಗೆ ಕಬ್ಬಿನ ಗ್ಯಾಂಗುಗಳು, ಭಟ್ಟಿಯ ಕುಟುಂಬಗಳು ಊರ ಹೊರಗೆ ಬಿಡಾರ ಹೂಡಿರುತ್ತವೆ. ಕರೆಯಲು ಹೋಗುವ ಕೆಲಸ ಯುವಜನರದು.